ಕತ್ತರಿಸಲಾಗದ ತುಣುಕು

ಅವ್ವನ ಟ್ರಂಕು ತೆರೆದಾಗ ಮೊದಲು ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಆಮೇಲೆ ಕೈಗೆ ಸಿಕ್ಕಿದ್ದು, ತಂಗಿಯ ಮದುವೆಗೆಂದು ತಂದು ಅವ್ವ ಉಡಲಾಗದೇ ಹೋದ ರೇಷ್ಮೆ ಸೀರೆ. ಅದರ ಮಡಿಕೆಯಲ್ಲಿ ಎರಡು ಡಿವಿಡಿಗಳಿದ್ದವು. ಒಂದರ ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಮದುವೆ' ಎಂದಿತ್ತು. ಇನ್ನೊಂದರ ಮೇಲೆ 'ಒರಿಜಿನಲ್. ಬಿಸಾಡಬೇಡಿ'. ಆ ದುಂಡನೆಯ ಅಕ್ಷರ ಕಂಡದ್ದೇ ಶನಿವಾರಸಂತೆಯ ಸ್ಟುಡಿಯೊದವರು ಕಣ್ಣ ಮುಂದೆ ಬಂದರು.

ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿತ್ತು ಅವರ ಸ್ಟುಡಿಯೊ. ಜಲಪಾತ ಬರೆದ ಒಂದು ಪರದೆ, ಸದಾ ಬಿಸಿಯಾಗಿರುತ್ತಿದ್ದ ಒಂದು ಕಂಪ್ಯೂಟರು. ಮನೆಮಾತು ಮಲಯಾಳ. ಕನ್ನಡವನ್ನು ಮಾತ್ರ ತಮ್ಮದೇ ಧಾಟಿಯಲ್ಲಿ ಆಡುತ್ತಿದ್ದರು. ಮೇಷ್ಟ್ರಾದ ನನಗೂ, ಕೆಳಗೆ ಮೂಟೆ ಹೊರುವವರಿಗೂ ಒಂದೇ 'ಸಾರೇ'.

ತಂಗಿಯ ಮದುವೆಗೆ ಮೂರು ದಿನವಿದೆ ಎನ್ನುವಾಗ ಅವ್ವ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಡಿಕೇರಿ ಆಸ್ಪತ್ರೆಗೆ ಸೇರಿಸಿದೆವು. ಮದುವೆ ಮುಂದೂಡುವುದೋ ಬೇಡವೋ? ಸೀನು ಬಂದರೂ ನ್ಯುಮೋನಿಯಾ ಎಂದು ಹೆದರುವ ಆಸಾಮಿ ನಾನು. ಮುಂದೂಡಿದರೆ ಗಂಡಿನ ಕಡೆಯವರ ಮನಸ್ಸು ಬದಲಾದರೆ? ಇನ್ನೊಂದು ಮುಹೂರ್ತಕ್ಕೆ ಛತ್ರ ಸಿಗದಿದ್ದರೆ? ಅಪ್ಪನಿಲ್ಲದ ಮನೆ, ತೀರ್ಮಾನ ನನ್ನದೇ ಆಯಿತು. 'ನಡೆಸಿ' ಎಂದಳು ಅವ್ವ, ಕಿಟಕಿ ನೋಡುತ್ತಾ.

ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದರು. ಅವ್ವನಿಗೆ ಗಟ್ಟಿಮೇಳವಾದರೂ ಕೇಳಲಿ ಎಂದು ನಾನು ಆಸ್ಪತ್ರೆಗೆ ಫೋನು ಹಚ್ಚಿ, ಮೊಬೈಲನ್ನು ಮಂಟಪದ ಕಡೆ ಎತ್ತಿ ಹಿಡಿದು ನಿಂತಿದ್ದೆ. ಆದರೆ ಅವತ್ತಿನಿಂದ ಅವ್ವ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕೇಳಿದರೆ 'ಏನಿಲ್ಲ ಬಿಡಪ್ಪ'. ನನ್ನ ಅವ್ವ ನನ್ನನ್ನು 'ಅಪ್ಪ' ಎಂದರೆ ಕಥೆ ಮುಗಿಯಿತೆಂದೇ ಅರ್ಥ. ಮದುವೆ ಮುಂದೂಡದ ಸಿಟ್ಟು ಎಂದುಕೊಂಡೆ. ವಿಡಿಯೊ ತೋರಿಸಿದರೆ ಕರಗಿಯಾಳು...

ಸೀಸನ್ನಿನ ಕೆಲಸ ತಲೆಯ ಮೇಲಿದೆ, ಡಿವಿಡಿಗೆ ಒಂದು ತಿಂಗಳಾಗುತ್ತದೆ ಎಂದರು ಸ್ಟುಡಿಯೊದವರು. ನನಗೆಲ್ಲಿಯ ತಾಳ್ಮೆ! ಕ್ಯಾಮೆರಾದಲ್ಲಿದ್ದ ಹನ್ನೊಂದು ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದು, ಯಾವುದೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ಇಡೀ ಭಾನುವಾರ ಕೂತು ಒಂದಕ್ಕೊಂದು ಸೇರಿಸಿದೆ. ಒಂದೊಂದನ್ನೂ ತೆರೆದು ನೋಡುವ ಗೋಜಿಗೆ ಹೋಗಲಿಲ್ಲ.

ಅಷ್ಟರಲ್ಲಿ ಅವ್ವ ಮನೆಗೆ ಬಂದು ಹಜಾರದ ಮಂಚ ಹಿಡಿದಿದ್ದಳು. ಡಿವಿಡಿ ಹಾಕಿದೆ. ಮುಖಗಳೆಲ್ಲ ನೀರಿನಲ್ಲಿ ನೆನೆದ ಫೋಟೊದಂತಿದ್ದವು. ಗಂಡು ಛತ್ರದ ಬಾಗಿಲಿಗೆ ಬಂದದ್ದೇ ತಡ, ಜನ ಪಾಯಸ ಸುರಿಯತೊಡಗಿದರು. ಊಟ ಮುಗಿದ ಮೇಲೆ ಪುರೋಹಿತರು ಕಾಣಿಸಿಕೊಂಡರು.

"ಏನ್ಲಾ ಇದು? ಊಟ ಆದ್ಮೇಲೆ ಮದ್ವೆ ಮಾಡುದ್ರಾ? ಅಯ್ನೋರು ಬಾಯಿ ಮುಚ್ಕಂಡೇ ಮಂತ್ರ ಹೇಳ್ತಾವ್ರೆ!"

ಮೂರು ವಾರದಲ್ಲಿ ಅವ್ವ ನನಗೆ ಹೇಳಿದ ಅತಿ ಉದ್ದದ ಮಾತು ಅದು. ಧಾರೆ ಬರುವ ಮೊದಲೇ ಗೋಡೆಯ ಕಡೆ ತಿರುಗಿಕೊಂಡಳು. ಉಳಿದದ್ದನ್ನು ನಾನೊಬ್ಬನೇ ನೋಡಿದೆ. ನೋಡಬಾರದಿತ್ತು. ಗಟ್ಟಿಮೇಳದ ನಡುವೆ ಕಂಬದ ಪಕ್ಕ ನಾನೇ ಇದ್ದೆ: ಮೊಬೈಲು ಎತ್ತಿದ ಬಲಗೈ, ಅದು ಸೋತಿತೆಂದು ಆಸರೆ ಕೊಟ್ಟ ಎಡಗೈ, ಒರೆಸಲು ಕೈಯಿಲ್ಲದೆ ಸುರಿಯುತ್ತಿದ್ದ ಕಣ್ಣು, ಮೂಗು.

ಮರುದಿನ ಸ್ಟುಡಿಯೊದವರ ಮುಂದೆ ತಪ್ಪೊಪ್ಪಿಕೊಂಡೆ. ನನ್ನ ಡಿವಿಡಿ ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಾರೇ, ಇದು ನಾನು ತೆಗೆದ ಮದುವೆಯಾ?"

ಆಮೇಲೆ ಸಮಾಧಾನವಾಗಿ ತಿಳಿಸಿದರು. ಒಂದರ ನಂತರ ಎರಡು ಬರುವುದು ನಮ್ಮ ಲೆಕ್ಕದಲ್ಲಿ. ಆ ಸಾಫ್ಟ್‌ವೇರಿನ ಲೆಕ್ಕದಲ್ಲಿ ಒಂದರ ನಂತರ ಹತ್ತು, ಹನ್ನೊಂದು, ಆಮೇಲೆ ಎರಡು. ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವವನಿಗೆ ಇದು ಹೊಳೆಯಲಿಲ್ಲ.

"ಮತ್ತೆ ಚಿತ್ರ ಯಾಕೆ ಕೆಟ್ಟಿತು?"

"ಅದು ಬೆಂದ ಅನ್ನ ಸಾರೇ. ಡಿವಿಡಿಗೆ ಹೇಗೆ ಬೇಕೋ ಹಾಗೇ ಈ ಕ್ಯಾಮೆರಾ ಕೊಡ್ತದೆ. ಎಲೆಗೆ ಬಡಿಸಿದ್ರೆ ಸಾಕಿತ್ತು. ನೀವು ಪುನಃ ನೀರು ಹಾಕಿ ಬೇಯಿಸಿದ್ರಿ, ಗಂಜಿ ಆಯ್ತು."

ಅವರು ಏನನ್ನೂ ಬೇಯಿಸಲಿಲ್ಲ. ಒಂಬತ್ತರವರೆಗಿನ ಅಂಕಿಗಳ ಎಡಕ್ಕೆ ಒಂದೊಂದು ಸೊನ್ನೆ ಇಟ್ಟು, ಸಾಲಾಗಿ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆಯೇ ಜೋಡಿಸಿದರು. ನಾನು ಗಂಟಲು ಸರಿಮಾಡಿಕೊಂಡು, ಕಂಬದ ಪಕ್ಕದ ಆ ನನ್ನ ಅವತಾರವನ್ನು ಕತ್ತರಿಸಿಬಿಡಿ ಎಂದೆ. ನೆಂಟರಿಷ್ಟರು ನೋಡುವುದು, ಮೇಷ್ಟ್ರ ಮರ್ಯಾದೆ...

ಅವರು ಪರದೆಯನ್ನೇ ನೋಡುತ್ತಾ ನಾಲಿಗೆ ಲೊಚಗುಟ್ಟಿದರು. "ಅದೊಂದು ಆಗೂದಿಲ್ಲ ಸಾರೇ. ಅಲ್ಲಿ ಕೈ ಹಾಕಿದ್ರೆ ಮುಂದಿದ್ದು ಪೂರಾ ಕೆಡ್ತದೆ. ತಾಳಿ ಕಟ್ಟೂದೇ ಹೋದ್ರೆ ಏನು ಮಾಡ್ತೀರಿ?"

ಹೆದರುವವನನ್ನು ಹೆದರಿಸುವುದು ಎಷ್ಟರ ಕೆಲಸ? ಬೇಡ, ಇರಲಿ ಎಂದೆ.

ಈ ಸಲ ಎಲ್ಲವೂ ಕನ್ನಡಿಯಂತಿತ್ತು. ಪುರೋಹಿತರು ಬಾಯಿ ತೆರೆದೇ ಮಂತ್ರ ಹೇಳಿದರು. ಗಟ್ಟಿಮೇಳ ಶುರುವಾಯಿತು, ನಾನು ಬಂದೆ. ನೋಡಲಾರದೆ ಅಡುಗೆಮನೆಗೆ ಹೊರಟಿದ್ದೆ.

"ನಿಲ್ಸು. ಹಿಂದಕ್ಕೆ ತಗೋ," ಎಂದಳು ಅವ್ವ.

ಮತ್ತೆ ಹಾಕಿದೆ. ಅವ್ವ ಮೊಣಕೈ ಊರಿ ಎದ್ದಳು.

"ಗಟ್ಟಿಮೇಳಕ್ಕೆ ಮುಂಚೇನೆ ಲೈನ್ ಹೋಗಿತ್ತಲ್ಲೋ! ಗಡಿಬಿಡೀಲಿ ನೀನೇ ಕಟ್ ಮಾಡ್ದೆ ಅನ್ಕಂಡಿದ್ದೆ. ಹಿಂಗೇ ಹಿಡ್ಕಂಡ್ ನಿಂತಿದ್ಯಾ?"

"ಹೋಗಿದ್ದೇ ಗೊತ್ತಾಗ್ಲಿಲ್ಲ ಅವ್ವ."

"ದಡ್ಡ ಮುಂಡೇದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾಫಿ ಕುಡುದ್ಯಾ?"

ಆಮೇಲೆ ಮನೆಗೆ ಬಂದವರಿಗೆಲ್ಲ ಅವ್ವ ತೋರಿಸುತ್ತಿದ್ದುದು ಧಾರೆಯನ್ನಲ್ಲ, ಆ ತುಣುಕನ್ನು. ನನ್ನ ಮರ್ಯಾದೆ ಸುತ್ತ ಏಳೂರಿನಲ್ಲಿ ಹೋಯಿತು. ಸ್ಟುಡಿಯೊದವರಿಗೆ ಹೇಳಿದಾಗ "ಹೌದಾ ಸಾರೇ" ಎಂದಷ್ಟೇ ನಕ್ಕು, ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸತೊಡಗಿದರು.

ಮೊನ್ನೆ ಡಿಸ್ಕಿನ ಮೇಲೆ ಬಿಳಿ ಚುಕ್ಕೆಗಳು ಕಂಡು ಎಂದಿನ ಭಯ ಹತ್ತಿತು. ಡಿವಿಡಿ ಡ್ರೈವ್ ಕಡ ತಂದು 'ಒರಿಜಿನಲ್' ತೆರೆದೆ. ಹನ್ನೊಂದು ಫೈಲುಗಳು. ಮೊದಲ ಬಾರಿಗೆ ಒಂದೊಂದನ್ನೇ ನೋಡಿದೆ. ಎಂಟನೆಯದು ಒಂದು ನಿಮಿಷಕ್ಕೂ ಕಡಿಮೆ. ಅದರಲ್ಲಿ ತಾಳಿಯಿಲ್ಲ, ಮಂಟಪವಿಲ್ಲ, ಇರುವುದು ನಾನೊಬ್ಬನೇ. ಕೈ ಎತ್ತಿದವನನ್ನು ಕಂಡು ಅವರು ಅದಕ್ಕೆಂದೇ ಕ್ಯಾಮೆರಾ ತಿರುಗಿಸಿ, ಬೇರೆಯಾಗಿ ತೆಗೆದಿದ್ದರು. ಕತ್ತರಿಸುವುದೇನು ಬಂತು, ಆ ಒಂದನ್ನು ಸೇರಿಸದೆ ಬಿಟ್ಟಿದ್ದರೆ ಆಗುತ್ತಿತ್ತು. ಯಾವುದೂ ಕೆಡುತ್ತಿರಲಿಲ್ಲ. ಲೈನು ಹೋದದ್ದು ಅವರಿಗೂ ಗೊತ್ತಿರಲಿಲ್ಲ. ಆದರೂ ನನಗೆ ಸುಳ್ಳು ಹೇಳಿ ಉಳಿಸಿದರು...

ಜಗಳವಾಡಲು ಹೋಗೋಣವೆಂದರೆ ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಸ್ಟುಡಿಯೊದವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದೇ ಎಷ್ಟೋ ತಿಂಗಳ ಮೇಲೆ. ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ.

ಕಾಪಿ ಮಾಡುವಾಗ ಕಂಪ್ಯೂಟರು 'ಕನ್ವರ್ಟ್ ಮಾಡಲೇ?' ಎಂದು ಕೇಳಿತು. ಬೇಡ ಎಂದು ಒತ್ತಿದೆ. ಇದ್ದ ಹಾಗೆಯೇ ಪೆನ್‌ಡ್ರೈವಿಗೆ ಹೋದ ಮೇಲೆ ಎಂಟನೆಯದನ್ನು ಇನ್ನೊಮ್ಮೆ ಹಾಕಿದೆ. ಆ ಕಡೆ ಕೇಳುವವರು ಯಾರೂ ಇಲ್ಲ. ಅದು ತಿಳಿಯದವನು ಕಂಬದ ಪಕ್ಕ ಇನ್ನೂ ಕೈ ಇಳಿಸದೆ ನಿಂತಿದ್ದಾನೆ.