ಹನ್ನೆರಡನೆಯ ಪದ್ಯ

ಮರಾಠಿ ಸೀಮೆಯ ಕಳವಾ ಊರಿನ ಆ ಸಾಲುಮನೆಗಳ ಚಾಳಿನಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚಲೇಬೇಕು. ಕಲಬುರಗಿ ಕಡೆಯಿಂದ ದುಡಿಯಲು ಬಂದವರು ಏನೇನು ಬಿಟ್ಟರೂ ಇದನ್ನು ಬಿಟ್ಟಿಲ್ಲ. ಮೂವತ್ತು ವರ್ಷ ಗುರುನಾಥಜ್ಜ ಓದಿ ಅರ್ಥ ಹೇಳಿದ. ಹೋದ ಬೇಸಿಗೆಯಲ್ಲಿ ಅವನು ತೀರಿಕೊಂಡ ಮೇಲೆ ಪುಸ್ತಕ ಮಾಪಣ್ಣನ ಕೊರಳಿಗೆ ಬಿತ್ತು. ಗೋದಾಮಿನ ಹಮಾಲರಲ್ಲಿ ಏಳನೆಯ ಇಯತ್ತೆವರೆಗೆ ಕನ್ನಡ ಕಲಿತವನು ಅವನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ!

ರಾಗವೇನೋ ಬರುತ್ತಿತ್ತು. ಅರ್ಥ? ಅದೊಂದನ್ನು ಕೇಳಬೇಡಿ. ಸಂಜೆಯ ಲೋಕಲ್ ರೈಲಿನ ಜನರ ಹಾಗೆ ಒಂದು ಪದ ಇನ್ನೊಂದಕ್ಕೆ ಅಂಟಿಕೊಂಡು ನಿಂತಿರುತ್ತಿತ್ತು, ಬಿಡಿಸಿದರೆ ಬಿಡದು. ಮೊಬೈಲನ್ನು ಕೇಳಿದರೆ ಅದು ಮರಾಠಿ ಭಜನೆ ತೋರಿಸಿತು. ಅಜ್ಜ ಹೇಳುತ್ತಿದ್ದದ್ದನ್ನೇ ನೆನೆಸಿಕೊಂಡು ಹೇಳಿ ಮಾಪಣ್ಣ ಹೇಗೋ ಪಾರಾಗುತ್ತಿದ್ದ. ಜನ ತಲೆದೂಗುತ್ತಿದ್ದರು. ಅದನ್ನು ನೋಡಿದರೆ ಅವನಿಗೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಒಂದು ರವಿವಾರ ಪಕ್ಕದ ಐರೋಲಿಗೆ ಹೋಗಿ ನಿವೃತ್ತ ಕನ್ನಡ ಮಾಸ್ತರ ಸಿದ್ದಲಿಂಗಪ್ಪನವರ ಬಾಗಿಲು ತಟ್ಟಿದ.

“ಇದು ಪಂಡಿತರ ಕಾವ್ಯ, ಮಾಪಣ್ಣ. ಜನಕ್ಕ ಕಥಿ ಸಾಕು. ನೀ ಯಾಕ ತಲಿ ಕೆಡಿಸ್ಕೋತಿ?”

“ತಲಿ ಕೆಟ್ಟದ್ದಕ್ಕ ಬಂದೀನ್ರಿ ಸರ.”

ಮಾಸ್ತರರು ಒಂದು ಹಳೆಯ ಶಬ್ದಕೋಶ ಕೊಟ್ಟು ಸಾಗಹಾಕಿದರು. ಮಾಪಣ್ಣ ದಿನಾ ಊಟದ ಬಿಡುವಿನಲ್ಲಿ ಮೂಟೆಗಳ ಮೇಲೆ ಕೂತು ಅದನ್ನು ಕೆದಕಿದ. ಒಮ್ಮೆ ತಲೆಕೆಟ್ಟು ಗೋಡೆಗೆ ಬೀಸಿ ಎಸೆದ. ಹೊಲಿಗೆ ಕಿತ್ತು ಹೋಯಿತು. ಬೈದುಕೊಳ್ಳುತ್ತಲೇ ಸುತಳಿ ಕಟ್ಟಿ ಮತ್ತೆ ತೆರೆದ.

ಮದುವೆಯ ಅಧ್ಯಾಯ ಬಂತು. ಪುರಾಣದಲ್ಲಿ ಕೂಸು ಹುಟ್ಟಿದ ದಿನ ಕೇಳುವ ಜನ ನಿಜವಾಗಿಯೂ ತೊಟ್ಟಿಲು ತೂಗುತ್ತಾರೆ, ಮದುವೆಯ ದಿನ ಅಕ್ಷತೆ ಹಾಕಿ ಹುಗ್ಗಿ ಉಣ್ಣುತ್ತಾರೆ. ಅಜ್ಜ ಹನ್ನೊಂದು ಪದ್ಯ ಓದುತ್ತಿದ್ದ: ಚಪ್ಪರ, ತೋರಣ, ಹೂ ಮುಡಿದು ಕಾದಿರುವ ರಾಜಕುಮಾರಿ. ಅಲ್ಲಿಗೆ ಮಂಗಳ. ಹಿಂದಿನ ದಿನವೇ ಗೋದಾಮಿನಲ್ಲಿ ತಯಾರಿ ಮಾಡುತ್ತಿದ್ದ ಮಾಪಣ್ಣ ಹಾಳೆ ತಿರುವಿದ. ಹನ್ನೆರಡನೆಯ ಪದ್ಯದ ಪಕ್ಕದಲ್ಲಿ ಅಜ್ಜನ ಕೈಬರಹ, ಪೆನ್ಸಿಲ್ಲಿನಲ್ಲಿ: ‘ಓದಬ್ಯಾಡ.’

ಬುತ್ತಿ ಬಿಚ್ಚದೆ ಅದನ್ನೇ ಬಿಡಿಸುತ್ತ ಕೂತ. ವರ ಬರಲೇ ಇಲ್ಲ. ದಾರಿಯ ಕಾಳಗದಲ್ಲಿ ಸತ್ತ. ಸುದ್ದಿ ತಂದ ಆಳು ಏದುಸಿರು ಬಿಡುತ್ತ ಚಪ್ಪರದಲ್ಲಿ ನಿಂತಿದ್ದಾನೆ. ರಾಜಕುಮಾರಿ ಅಳುವುದಕ್ಕೆ ಮೊದಲು ಅವನಿಗೆ ಕುಡಿಯಲು ನೀರು ಕೊಡುತ್ತಾಳೆ. ಆರೇ ಸಾಲು. ಮಾಪಣ್ಣನ ಕಣ್ಣು ತುಂಬಿ ಬಂತು. ಮರುಗಳಿಗೆ ಮೈ ಉರಿಯಿತು. ಇಂಥದ್ದನ್ನು ಮೂವತ್ತು ವರ್ಷ ಮುಚ್ಚಿಟ್ಟನಲ್ಲ ಮುದುಕ!

ಮರುದಿನ ಸಂಜೆ ಹುಗ್ಗಿಯ ಪಾತೇಲಿ ಬಂದು ಕೂತಿತ್ತು. ಚಾಳಿಗೇ ಹಿರಿಯಳಾದ ಚಂದವ್ವ ಮುಷ್ಟಿ ತುಂಬ ಅಕ್ಷತೆ ಹಿಡಿದು ಮುಂದೆಯೇ ಕೂತಿದ್ದಳು. ಹನ್ನೊಂದು ಪದ್ಯ ಮುಗಿದವು. ಅಕ್ಷತೆ ಹಾಕಲು ಎಲ್ಲರ ಕೈ ಎದ್ದವು.

“ತಡೀರಿ, ಇನ್ನೊಂದ ಐತಿ,” ಎಂದ ಮಾಪಣ್ಣ. ಓದಿದ. ಅರ್ಥ ಹೇಳಿದ, ಮೊದಲ ಸಲ ತನ್ನದೇ ಮಾತಿನಲ್ಲಿ.

“ಏ, ಅಜ್ಜ ಮದುವಿ ಮಾಡತಿದ್ದ!”

“ಶ್ರಾವಣದಾಗ ಸಾವಿನ ಸುದ್ದಿ ಓದತಾರೇನ?”

“ಹುಗ್ಗಿ ಯಾರು ಉಣ್ಣಬೇಕೀಗ?”

“ಪುಸ್ತಕದಾಗ ಹಂಗ ಐತಿ, ನಾ ಏನ್ ಮಾಡ್ಲಿ! ಎಷ್ಟ ಚಂದ ಬರದಾನ, ಒಮ್ಮೆರ ಕೇಳ್ರಿ...”

ಯಾರು ಕೇಳುತ್ತಾರೆ? ಪಾತೇಲಿ ಎತ್ತಿಕೊಂಡು ಎದ್ದೇ ಹೋದರು. ಇಷ್ಟು ದಿನ ತಲೆ ಚಚ್ಚಿಕೊಂಡದ್ದು ಇದಕ್ಕೇನಾ ಎಂದು ಮಾಪಣ್ಣ ಪುಸ್ತಕ ಮುಚ್ಚಿದ. ಕೂಗಿ ಕೂಗಿ ಗಂಟಲು ಒಣಗಿತ್ತು.

ಚಂದವ್ವ ಮಾತ್ರ ಕೂತೇ ಇದ್ದಳು.

“ಹಬ್ಬ ಕೆಡಿಸಿದೆಲ್ಲೋ ಮಾಪ್ಯಾ.”

“ಹೂಂ ಅತ್ತಿ.”

ಅವಳು ಅಕ್ಷತೆಯನ್ನು ಸೆರಗಿಗೆ ಕಟ್ಟಿಕೊಂಡು, ಮೊಣಕಾಲು ಹಿಡಿದುಕೊಂಡು ಎದ್ದು ತನ್ನ ಖೋಲಿಗೆ ಹೋದಳು. ಬಂದಾಗ ಕೈಯಲ್ಲಿ ತುಂಬಿದ ತಂಬಿಗೆ ಇತ್ತು. ಮುಖ ಗಂಟಿಕ್ಕಿಕೊಂಡೇ ಅವನ ಮುಂದೆ ಹಿಡಿದಳು.

“ಮೊದಲ ನೀರು ಕುಡಿ. ಆಮ್ಯಾಲ ಬೈತೀನಿ.”