ಯೂರಿಯಾ ಚೀಲದ ಮೇಲೆ ಅತ್ತೆ

ಪಂಚಾಯ್ತಿಯ ಆಟೋ ನಮ್ಮ ಓಣಿಗೆ ಬಂದು ಮೈಕಿನಲ್ಲಿ ಕೂಗಿದ್ದು ಬೆಳಿಗ್ಗೆ ಏಳು ಗಂಟೆಗೆ. ವರದಾ ನದಿಯಲ್ಲಿ ನೀರು ಏರುತ್ತಿದೆ, ಎಲ್ಲರೂ ಕೂಡಲೇ ಹೈಸ್ಕೂಲಿನ ಕಾಳಜಿ ಕೇಂದ್ರಕ್ಕೆ ಬರಬೇಕು, ಬಾರದವರು ಮುಂದಿನ ಅನಾಹುತಕ್ಕೆ ತಾವೇ ಹೊಣೆ. ಇಷ್ಟನ್ನು ಮೂರು ಸಲ ಹೇಳಿ ಆಟೋ ತಿರುಗಿ ಹೋಯಿತು. ಹಿಂದಿನ ಸೀಟಿನಲ್ಲಿ ಮೈಕಿನ ಬ್ಯಾಟರಿ ಬಿಟ್ಟರೆ ಯಾರೂ ಇರಲಿಲ್ಲ. ಖಾಲಿ ಬಂದದ್ದು ಖಾಲಿಯೇ ಹೋಯಿತು. ನಡೆಯಲಾಗದ ಒಬ್ಬರನ್ನಾದರೂ ಹತ್ತಿಸಿಕೊಳ್ಳಬೇಕೆಂದು ಆ ಮೈಕಿನವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ.

ಹೈಸ್ಕೂಲು ನಮ್ಮ ಓಣಿಯಿಂದ ಮೂರು ಕಿಲೋಮೀಟರು. ನಡುವೆ ಒಂದು ಮೋರಿ. ನದಿಗೆ ನೀರು ಬಂತೆಂದರೆ ಮೊದಲು ಮುಳುಗುವುದು ಆ ಮೋರಿಯೇ. ಮೋರಿ ದಾಟಿ ಓಣಿಯ ಕಡೆ ಬರುವ ಶಿರಸಿ ಬಸ್ಸು ಹಿಂದಿನ ದಿನವೇ ನಿಂತಿತ್ತು.

ನಾನು ಆ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವವಳು. ಆಟೋ ಬರುವ ಮೊದಲೇ ಹೆಡ್‌ಮಾಸ್ತರರ ಫೋನು ಬಂದಿತ್ತು. ಮಕ್ಕಳಿಗೆ ರಜೆ, ನನಗಿಲ್ಲ. ನೂರು ಜನರಿಗೆ ಉಪ್ಪಿಟ್ಟು ಆಗಬೇಕು, ಶಿರಸಿಯಿಂದ ದೊಡ್ಡ ಸಾಹೇಬರು ಬರುತ್ತಾರೆ. ನನ್ನ ಗಂಡ ಊರಿನಲ್ಲಿರಲಿಲ್ಲ. ಸಿದ್ದಾಪುರದ ಹೇರೂರು ಕಡೆ ಅಡಿಕೆಗೆ ಮದ್ದು ಹೊಡೆಯುವ ಕೂಲಿಗೆ ಹೋಗಿ ಎಂಟು ದಿನವಾಗಿತ್ತು. ಫೋನು ಹತ್ತುತ್ತಿರಲಿಲ್ಲ. ಮನೆಯಲ್ಲಿದ್ದವರು ನಾನು ಮತ್ತು ಅತ್ತೆ. ಅತ್ತೆಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಎಡಗೈ, ಎಡಗಾಲು ಸತ್ತಂತೆ ಇದ್ದವು. ಬಾಯಿ ಮಾತ್ರ ಮೊದಲಿಗಿಂತ ಹರಿತವಾಗಿತ್ತು.

"ನಾ ಎಲ್ಲಿಗೂ ಬರಂಗಿಲ್ಲ," ಅಂದರು. "ಆ ಸಾಲ್ಯಾಗ ಸಂಡಾಸಕ್ಕ ನಾಕು ಮೆಟ್ಲ ಹತ್ತಬೇಕು. ಕುಕ್ಕರಗಾಲಲೆ ಕೂಡಬೇಕು. ಹ್ವಾದ ಸಲ ಎಲ್ಲಾರ ಮುಂದ ನನ್ನ ಸೀರಿ ಹೊಲಸಾತು. ಮರತಿ ಏನು?"

ಮರೆತಿರಲಿಲ್ಲ. ಆ ದಿನ ಅವರು ಸೆರಗನ್ನು ಮುಖಕ್ಕೆ ಹಾಕಿಕೊಂಡು ಗೋಡೆಗೆ ತಿರುಗಿ ಮಲಗಿದವರು ಸಂಜೆವರೆಗೆ ಅನ್ನ ಮುಟ್ಟಿರಲಿಲ್ಲ. ಆಮೇಲೆ ನನ್ನ ಗಂಡ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಮನೆಯಲ್ಲಿ ಅವರಿಗೊಂದು ಅನುಕೂಲ ಮಾಡಿಕೊಟ್ಟಿದ್ದರು.

ನಮ್ಮ ಓಣಿಯಲ್ಲಿ ಹನ್ನೊಂದು ಮನೆ. ಸರ್ಕಾರ ಕಟ್ಟಿಸಿಕೊಟ್ಟದ್ದು, ಊರಿನಲ್ಲಿ ಯಾರಿಗೂ ಬೇಡವಾದ ತಗ್ಗಿನಲ್ಲಿ. ಮೈಕು ಕೂಗಿ ಹೋದ ಮೇಲೂ ಒಬ್ಬರೂ ಗಂಟು ಕಟ್ಟಲಿಲ್ಲ. ಹಿಂದಿನ ನೆರೆಯಲ್ಲಿ ಹೇಳಿದ ಮಾತು ಕೇಳಿ, ಬೀಗ ಹಾಕಿ ಹೋದವರ ಮನೆಗಳ ಮುಂದೆ ಹಾನಿ ನೋಡಲು ಬಂದವರು ನಿಂತು "ವಾಸವಿಲ್ಲ" ಎಂದು ಬರೆದುಕೊಂಡು ಹೋಗಿದ್ದರು. ಮೊಣಕಾಲುದ್ದ ನೀರಿನಲ್ಲಿ ಕೂತಿದ್ದವರಿಗೆ ಪರಿಹಾರ ಬಂತು, ಹೋದವರಿಗೆ ಬರಲಿಲ್ಲ. ಇದನ್ನು ನೋಡಿದ ಜನ ಎರಡನೇ ಸಲ ಹೇಗೆ ಹೋಗುತ್ತಾರೆ?

ಅತ್ತೆಗೆ ಚಹಾ ಕುಡಿಸಿ, ಗುಳಿಗೆ ನುಂಗಿಸಿ, ಪಕ್ಕದ ಮನೆಯ ಹೆಂಗಸಿಗೆ ನೋಡಿಕೊಳ್ಳಲು ಹೇಳಿ ನಾನು ನಡೆದುಕೊಂಡು ಹೈಸ್ಕೂಲಿಗೆ ಹೋದೆ. ಹೋಗಲು ಒಂದೇ ಕಾರಣ. ಅಲ್ಲಿ ಊರಿನ ಕಂದಾಯ ನೋಡುವ ತಲಾಟಿ ಇರುತ್ತಾರೆ, ಗಾಡಿ ಕೇಳಬಹುದು ಅಂದುಕೊಂಡೆ. ತಲಾಟಿ ಇದ್ದರು. ವರಾಂಡದಲ್ಲಿ ಬ್ಯಾನರ್ ಕಟ್ಟಿಸುತ್ತಿದ್ದರು.

"ಸಾಹೇಬ್ರ, ನಮ್ಮತ್ತಿಗೆ ನಡ್ಯಾಕ ಬರೂದಿಲ್ರಿ. ಒಂದು ಗಾಡಿ ಕಳಸ್ರಿ," ಅಂದೆ.

"ಕಳಸ್ತೀವಿ. ಜೀಪ್ ಐತಿ. ನೀವು ಮೊದ್ಲ ಒಲಿ ಹಚ್ರಿ."

ನಾನು ಒಲೆ ಹಚ್ಚಿದೆ. ಇನ್ನೊಬ್ಬ ಅಡುಗೆಯವಳ ಊರಿನ ದಾರಿಯೇ ಮುಳುಗಿತ್ತು, ಅವಳು ಬಂದಿರಲಿಲ್ಲ. ಒಬ್ಬಳೇ ಈರುಳ್ಳಿ ಹೆಚ್ಚಿದೆ, ರವೆ ಹುರಿದೆ. ಎಂಟೂವರೆ ಆಯಿತು, ಒಂಬತ್ತೂವರೆ ಆಯಿತು. ಪ್ರತಿ ಸಲ ಹೊರಗೆ ಬಂದು ನೋಡಿದಾಗಲೂ ಜೀಪು ನಿಲ್ಲುತ್ತಿದ್ದ ಜಾಗ ಖಾಲಿ. ಓಣಿಗೆ ಹೋಗಿರಬೇಕು ಅಂದುಕೊಂಡೆ. ಹತ್ತಕ್ಕೆ ಹಾಲಿನ ಡೇರಿಯವನು ಬಂದು, ಮೋರಿಯ ಮೇಲೆ ಹಿಮ್ಮಡಿ ಮುಳುಗುವಷ್ಟು ನೀರು ಬಂದಿದೆ ಅಂದ. ಜೀಪು ನೋಡಿದೆಯಾ ಎಂದು ಕೇಳಿದೆ. ಅದು ದೊಡ್ಡ ಸಾಹೇಬರನ್ನು ಕರೆತರಲು ಶಿರಸಿಗೆ ಹೋಗಿದೆ ಅಂದ.

ಕೈಯಲ್ಲಿದ್ದ ಸೌಟನ್ನು ತಲಾಟಿಯ ಮೇಜಿನ ಮೇಲೆ, ಅವರ ಕಾಗದಗಳ ಮೇಲೆಯೇ ಇಟ್ಟೆ.

"ಎಲ್ಲಿ ಹೊಂಟ್ರಿ? ಸಾಹೇಬ್ರು ಬರೂ ಹೊತ್ತಿಗೆ ಉಪ್ಪಿಟ್ಟು ಆಗಬೇಕು," ಅಂದರು.

"ನೀವ ತಿರುವ್ರಿ," ಅಂದೆ. ಹಿಂದೆ ಏನು ಬೈದರೋ ಕೇಳಿಸಿಕೊಳ್ಳಲಿಲ್ಲ.

ಮೋರಿ ದಾಟುವಾಗ ನೀರು ಮೊಣಕಾಲಿಗೆ ಬಂದಿತ್ತು. ದಾಟಿದ ಮೇಲೆ ಬಲಗಡೆ ಊರಿನ ಗೌಡರ ಹೊಲದ ಶೆಡ್ಡು. ಅಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಗೌಡರು ಕೊಡೆ ಹಿಡಿದು ನಿಂತು ಯೂರಿಯಾ ಚೀಲ, ಪಂಪ್‌ಸೆಟ್ಟಿನ ಮೋಟರು ಎಲ್ಲ ಟ್ರೇಲರಿಗೆ ಹೇರಿಸುತ್ತಿದ್ದರು. ಹೇರುತ್ತಿದ್ದವನು ನಮ್ಮ ಓಣಿಯವನೇ, ಪಕ್ಕದ ಮನೆಯವನು, ಗೌಡರ ಟ್ರ್ಯಾಕ್ಟರಿಗೆ ಡ್ರೈವರ್. ಅತ್ತೆಯನ್ನು ನಾನು ಒಪ್ಪಿಸಿ ಬಂದದ್ದು ಅವನ ಹೆಂಡತಿಗೇ.

ನಾನು ಕೆಸರಿನಲ್ಲಿ ನಿಂತು ಕೈಮುಗಿದೆ. ಈಗಲೂ ಆ ಕೈಮುಗಿದದ್ದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

"ಗೌಡ್ರ, ಒಂದು ಟ್ರಿಪ್ ಕೊಡ್ರಿ. ಅತ್ತಿನ್ನ ಸಾಲಿಗೆ ಬಿಟ್ಟು ಬರ್ತೇವಿ. ನೀರು ಓಣಿಗೆ ನುಗ್ಗತೈತ್ರಿ."

"ಮುಂಜಾನೆ ಮೈಕ್‌ನ್ಯಾಗ ಹೇಳಿದ್ರಲ್ಲ, ಆಗ ಏನ್ ಮಾಡಾಕತ್ತಿದ್ರಿ? ಮಾಲು ಇಳಿಸಿ ಬರಲಿ, ಆಮ್ಯಾಲ ನೋಡೂಣು."

"ಆಮ್ಯಾಲ ಮೋರಿ ಇರಂಗಿಲ್ರಿ."

"ಗೊಬ್ಬರ ನೀರಾಗ ಹ್ವಾದ್ರ ನಿಮ್ಮತ್ತಿ ಕೊಡ್ತಾಳೇನು?" ಎಂದು ಹೇಳಿ ಗೌಡರು ಶೆಡ್ಡಿನೊಳಗೆ ಹೋದರು.

ಡ್ರೈವರ್ ನನ್ನ ಮುಖ ನೋಡಲಿಲ್ಲ. ಅವನ ಹೆಂಡತಿಯೂ ಅದೇ ಓಣಿಯಲ್ಲಿ ಕೂತಿದ್ದಳು. ನಾನು ಅವನಿಗೆ ಒಂದೇ ಮಾತು ಅಂದೆ: "ತಮ್ಮಾ, ನಿನ್ನ ಹೇಣ್ತಿನೂ ಅಲ್ಲೇ ಅದಾಳ." ಅವನ ಕೈಲಿದ್ದ ಚೀಲ ಕೆಳಗೆ ಬಿತ್ತು. ಸೀಟು ಹತ್ತಿ ಗಾಡಿ ಚಾಲೂ ಮಾಡಿದ. "ಹತ್ರಿ ಲಗೂ," ಅಂದ. ಶೆಡ್ಡಿನಿಂದ ಗೌಡರು ಹೊರಗೆ ಬಂದು ಕೂಗಿದಾಗ ನಾವು ರಸ್ತೆಗೆ ಏರಿದ್ದೆವು.

ಓಣಿಯಲ್ಲಿ ನೀರು ಹೊಸ್ತಿಲು ದಾಟಿತ್ತು. ಅತ್ತೆ ಮಂಚದ ಮೇಲೆ ಕೂತು ನನ್ನನ್ನು, ನನ್ನ ತವರನ್ನು, ತಮ್ಮ ಮಗನನ್ನು ಬೈಯುತ್ತಿದ್ದರು. ನಾನೂ ಡ್ರೈವರೂ ಅವರನ್ನು ತೂತಿನ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿದೆವು. "ಬಿಡ್ರಿ ನನ್ನ, ಇಲ್ಲೇ ಸಾಯ್ತೀನಿ," ಎಂದು ಬಲಗೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನೋವಾಗುವಂತೆಯೇ ಬಿಡಿಸಿದೆ. ಬೇರೆ ದಾರಿ ಇರಲಿಲ್ಲ ಅನ್ನುವುದು ನಿಜ, ನನಗೆ ಅವರ ಮೇಲೆ ಸಿಟ್ಟು ಬಂದಿತ್ತು ಅನ್ನುವುದೂ ನಿಜ.

ಅವರನ್ನು ಯೂರಿಯಾ ಚೀಲಗಳ ಮೇಲೆ ಮಲಗಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು. ಡ್ರೈವರನ ಹೆಂಡತಿ ಹತ್ತಿದಳು. ಇನ್ನೂ ಆರು ಮನೆಯವರು ಹತ್ತಿದರು. ಉಳಿದವರು ಬರಲಿಲ್ಲ. ಬಾಗಿಲಲ್ಲಿ ನಿಂತು, ಮನೆ ಬಿಟ್ಟು ಬಂದರೆ ಮತ್ತೆ "ವಾಸವಿಲ್ಲ" ಅಂತ ಬರೆದುಕೊಂಡು ಹೋಗುತ್ತಾರೆ ಎಂದು ಕೂಗಿ ಹೇಳಿದರು. ಮೋರಿಯ ಮೇಲೆ ನೀರು ದೊಡ್ಡ ಗಾಲಿಯ ಅರ್ಧಕ್ಕೆ ಬಂದಿತ್ತು. ಟ್ರೇಲರ್ ಒಮ್ಮೆ ಪಕ್ಕಕ್ಕೆ ಜರುಗಿತು. ಎಲ್ಲರೂ ಚೀರಿದರು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಹೆದರಿಕೆಗೆ ಅವರಿಗೆ ಉಚ್ಚೆ ಹೋಯಿತು, ಚೀಲಗಳ ಮೇಲೆ.

ಹೈಸ್ಕೂಲು ಮುಟ್ಟಿದಾಗ ದೊಡ್ಡ ಸಾಹೇಬರು ಬಂದಿದ್ದರು. ಕ್ಯಾಮೆರಾದವರೂ ಇದ್ದರು. ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ಅತ್ತೆಯ ಹೆಗಲಿಗೆ ಒಂದು ಕಂಬಳಿ ಹೊದಿಸಿ ಫೋಟೋ ತೆಗೆಸಿಕೊಂಡರು. ಸೀರೆ ಬದಲಿಸುವವರೆಗೆ ತಡೆಯಿರಿ ಎಂದು ನಾನು ಬೇಡಿಕೊಂಡದ್ದು ಯಾರಿಗೂ ಕೇಳಲಿಲ್ಲ. "ಹೇಳಿದ ಕೂಡಲೇ ಬರಬೇಕಮ್ಮ," ಎಂದು ಸಾಹೇಬರು ನನಗೆ ಬುದ್ಧಿ ಹೇಳಿದರು. "ನಿಮ್ಮ ಜೀವದ ಮೇಲೆ ನಿಮಗೇ ಕಾಳಜಿ ಇಲ್ಲದಿದ್ದರೆ ಹೇಗೆ?"

ಅವರು ಹೋದ ಮೇಲೆ ತಲಾಟಿ ಒಂದು ಕಾಗದ ತಂದರು. ಸೂಚನೆ ಕೊಟ್ಟರೂ ನಾವು ಸಕಾಲದಲ್ಲಿ ಸ್ಥಳಾಂತರಗೊಳ್ಳಲು ಒಪ್ಪಲಿಲ್ಲ ಎಂದು ಅದರಲ್ಲಿತ್ತು. ಟ್ರೇಲರಿನಲ್ಲಿ ಜೊತೆಗೆ ಬಂದವರು ಓದದೆ ಸಹಿ ಮಾಡಿದರು, ಹೆಬ್ಬೆಟ್ಟು ಒತ್ತಿದರು. ನಾನು ಗಟ್ಟಿಯಾಗಿ ಓದಿದೆ.

"ಜೀಪು ಶಿರಸಿಗೆ ಹೋಗಿತ್ತು ಅಂತ ಇದ್ರಾಗ ಬರೀರಿ, ಸಹಿ ಮಾಡ್ತೀನಿ," ಅಂದೆ.

"ಭಾಳ ಕಲ್ತೀರಿ ನೀವು," ಅಂದರು ತಲಾಟಿ. ಕಾಗದ ಕಿತ್ತುಕೊಂಡರು.

ಆ ಸಂಜೆ ಓಣಿಯಲ್ಲಿ ಕಿಟಕಿಮಟ್ಟ ನೀರು ನಿಂತಿತು. ಬಾರದೆ ಉಳಿದಿದ್ದವರು ಮಾಳಿಗೆ ಹತ್ತಿ ಕೂತರು, ಮರುದಿನ ದೋಣಿಯವರು ಅವರನ್ನು ಇಳಿಸಿ ತಂದರು. ಯಾರೂ ಸಾಯಲಿಲ್ಲ. ಪೇಪರಿನಲ್ಲಿ ಅತ್ತೆಯ ಫೋಟೋ ಬಂತು, ಆಡಳಿತ ಅವರನ್ನು ರಕ್ಷಿಸಿದೆ ಎಂಬ ಬರಹದೊಂದಿಗೆ. ಉಪ್ಪಿಟ್ಟು ಬಿಟ್ಟು ಹೋದದ್ದಕ್ಕೆ ಹೆಡ್‌ಮಾಸ್ತರರು ನನ್ನಿಂದ ಬರಹದಲ್ಲಿ ವಿವರಣೆ ಕೇಳಿದರು. ನಾನು ಎರಡು ಪುಟ ಬರೆದು ಕೊಟ್ಟೆ. ಅವರು ಮೊದಲ ನಾಲ್ಕು ಸಾಲು ಓದಿ, ಇಷ್ಟೆಲ್ಲ ಬೇಡ, ತಪ್ಪಾಯಿತು ಎಂದಷ್ಟೇ ಬರೆಯಿರಿ ಅಂದರು. ಬರೆಯಲಿಲ್ಲ.

ಗೌಡರು ಡ್ರೈವರನನ್ನು ಅದೇ ವಾರ ಕೆಲಸದಿಂದ ಬಿಡಿಸಿದರು. ಬಿಡಿಸುವುದು ಸಾಲದೆಂದು, ತಮ್ಮ ಗೊಬ್ಬರದ ಮೇಲೆ ಮುದುಕಿ ಉಚ್ಚೆ ಹೊಯ್ದ ಕಥೆಯನ್ನು ಚಹಾದಂಗಡಿಯಲ್ಲಿ ನಗುತ್ತ ಹೇಳಿದರು. ಅದು ಓಣಿಗೂ ಬಂತು, ಅತ್ತೆಯ ಕಿವಿಗೂ ಬಿತ್ತು. ಅಂದಿನಿಂದ ಅವರು ಜಗಲಿಗೆ ಬಂದು ಕೂಡುವುದನ್ನೇ ಬಿಟ್ಟರು.

ನಾನು ಡ್ರೈವರನ ಮನೆಗೆ ಹೋದೆ. ಸುತ್ತಲಿನ ಊರುಗಳಲ್ಲಿ ಯಾವ ಗೌಡರೂ ಅವನಿಗೆ ಟ್ರ್ಯಾಕ್ಟರ್ ಕೊಡಲಿಲ್ಲ. ಮಾಲೀಕನ ಮಾತು ಮೀರಿದವನು ಎಂಬ ಹೆಸರು ಬಂದಿತ್ತು. ಯಲ್ಲಾಪುರದ ಕಡೆ ಲಾರಿ ಓಡಿಸಲು ಹೊರಟಿದ್ದ. ಬಾಗಿಲಲ್ಲೇ ನಿಂತು ಅಂದ: "ನಿಮ್ಮತ್ತಿ ಉಳಿದ್ಲಲ್ಲ, ಆತು. ಇನ್ನ ನಮ್ಮ ಮನೀಗೆ ಬರಬ್ಯಾಡ್ರಿ ಅಕ್ಕಾ."

ಅವನ ಹೆಂಡತಿ ಈಗಲೂ ಪಕ್ಕದ ಮನೆಯಲ್ಲಿದ್ದಾಳೆ. ನಲ್ಲಿಯ ಹತ್ತಿರ ಇಬ್ಬರೂ ಎದುರಾಗುತ್ತೇವೆ. ನಾನು ಮಾತಾಡಿಸಿದರೆ ಅವಳು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋಗುತ್ತಾಳೆ.