ಆರ್ಲಿಸ್ ಹತ್ತಿಸಿಕೊಂಡ ನಾಲ್ವರು

ಅಯೋವಾದ ಹೋಲ್ಮ್‌ವಿಲ್ ಊರಿನಲ್ಲಿ ಆರ್ಲಿಸ್ ಟ್ವೈಟ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದಳು. ಈಗ ಆ ಊರಿನಲ್ಲಿ ಹೊಟ್ಟೆ ಬಿಟ್ಟುಕೊಂಡು ಗಂಭೀರವಾಗಿ ಓಡಾಡುವ ಗಂಡಸರಲ್ಲಿ ಅರ್ಧಕ್ಕರ್ಧ ಜನ ಒಂದು ಕಾಲದಲ್ಲಿ ಅವಳ ಬಸ್ಸಿನ ಸೀಟಿಗೆ ಚೂಯಿಂಗ್ ಗಮ್ ಅಂಟಿಸಿ ಬೈಸಿಕೊಂಡವರೇ. ಹಾಗಾಗಿ ಅವಳು ಯಾರ ಮನೆ ಬಾಗಿಲು ತಟ್ಟಿದರೂ ತೆರೆಯುತ್ತಿತ್ತು. ತೆರೆದ ಮೇಲೆ ಒಳಗಿದ್ದವರು ಏನು ಹೇಳುತ್ತಾರೆ ಎನ್ನುವುದು ಬೇರೆ ಮಾತು.

ಆ ವರ್ಷ ಅವಳು ಬಾಗಿಲು ತಟ್ಟುತ್ತಿದ್ದದ್ದು ಸೆನೆಟರ್ ಕ್ಲೈಡ್ ರಾಡಿಗನ್‌ಗಾಗಿ. ಸೆನೆಟರ್ ಅಮೆರಿಕದ ಅಧ್ಯಕ್ಷರಾಗಲು ಹೊರಟಿದ್ದರು. ಹೊರಟದ್ದೇನೋ ನಿಜ, ತಲುಪುವ ಲಕ್ಷಣ ಮಾತ್ರ ಯಾರಿಗೂ ಕಾಣಿಸುತ್ತಿರಲಿಲ್ಲ. ಮಾತಿಗೆ ನಿಂತರೆ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕೇಳುವವರ ಕಾಫಿ ಆರಿರುತ್ತಿತ್ತು. ಟಿವಿಯ ಚರ್ಚೆಯಲ್ಲಿ ಅವರನ್ನು ಕಟ್ಟಕಡೆಗೆ, ಕಂಬದ ಮರೆಗೆ ನಿಲ್ಲಿಸುತ್ತಿದ್ದರು. ಸಮೀಕ್ಷೆಗಳಲ್ಲಿ ಅವರ ಹೆಸರು ‘ಇತರರು’ ಎಂಬುದಕ್ಕಿಂತ ಒಂದು ಸಾಲು ಮೇಲಿದ್ದರೆ ಅದೇ ಪುಣ್ಯ.

ಊರಿನವರು ಒಳ್ಳೆಯವರು, ಮುಖದ ಮೇಲೆ ಹೊಡೆದಂತೆ ಇಲ್ಲವೆನ್ನುವವರಲ್ಲ. ಅದೇ ಆರ್ಲಿಸ್‌ಗೆ ತಲೆನೋವಾದದ್ದು. ಔಷಧದಂಗಡಿಯವನು ಸೆನೆಟರ್ ಬಹಳ ಸಜ್ಜನ ಎಂದ, ಆಮೇಲೆ ಹವಾಮಾನದ ಮಾತು ತೆಗೆದ. ನಿವೃತ್ತ ಮೇಷ್ಟರು ಅವರ ಭಾಷಣ ಪೂರ್ತಿ ಕೇಳಿದೆನೆಂದು ಹೆಮ್ಮೆಯಿಂದ ಹೇಳಿಕೊಂಡು, ಕಾಲು ಹಿಡಿದುಕೊಂಡಿತು ಎಂದು ಸೇರಿಸಿದರು. ಕ್ಷೌರದಂಗಡಿಯಲ್ಲಿ ಒಬ್ಬ, ಗೆಲ್ಲುವ ಹಾಗಿದ್ದರೆ ಖಂಡಿತ ಬೆಂಬಲಿಸುತ್ತೇನೆ, ಗೆಲ್ಲುತ್ತಾರೆಂದು ಮೊದಲು ನೀನು ತೋರಿಸು ಎಂದ. ನೀನು ಬೆಂಬಲಿಸಿದರೆ ತಾನೇ ಗೆಲ್ಲುವುದು ಎಂದು ಆರ್ಲಿಸ್ ಕೇಳಿದ್ದಕ್ಕೆ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡ. ಎಲ್ಲರದೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತೇ. ಹತ್ತು ಮನೆ ಮುಗಿಸುವಷ್ಟರಲ್ಲಿ ಅವಳಿಗೆ ಕಾಲಿಗಿಂತ ಮೊದಲು ಕಿವಿ ಸೋಲುತ್ತಿತ್ತು.

ಸೋಲುವವರ ಕೈ ಹಿಡಿಯುವುದು ಅವಳಿಗೆ ಹೊಸದಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸಲು ಅಯೋವಾದಲ್ಲಿ ಊರೂರಿಗೂ ಕಾಕಸ್ ಎಂಬ ಸಭೆ ಸೇರುತ್ತದೆ, ಅಲ್ಲಿ ಅಭ್ಯರ್ಥಿಗೊಂದು ಮೂಲೆ, ಬೆಂಬಲಿಸುವವರು ಹೋಗಿ ಆ ಮೂಲೆಯಲ್ಲಿ ನಿಲ್ಲಬೇಕು. ಹಿಂದೆ ಎರಡು ಸಲವೂ ಅವಳು ನಿಂತ ಮೂಲೆಯೇ ಮೊದಲು ಖಾಲಿಯಾದದ್ದು. ಚರ್ಚಿನ ಗಾಯನದಲ್ಲಿ ನಲವತ್ತು ವರ್ಷದಿಂದ ಅವಳ ಪಕ್ಕ ನಿಂತು ಹಾಡುವ ಗೆಳತಿ ವರ್ನಾ, ಎದುರು ಪಕ್ಷದವರು ನಿನಗೆ ಸಂಬಳ ಕೊಡುತ್ತಾರೇನೇ ಎಂದು ರೇಗಿಸುತ್ತಿದ್ದಳು. ಆರ್ಲಿಸ್ ನಗುತ್ತಿದ್ದಳು. ಈ ಸಲ ಮಾತ್ರ ನಗು ಬರುತ್ತಿರಲಿಲ್ಲ, ಯಾಕೆಂದರೆ ಈ ಸಲ ಅವಳು ರಾಜಕೀಯಕ್ಕಾಗಿ ಓಡಾಡುತ್ತಿರಲಿಲ್ಲ.

ಜಿಲ್ಲೆಯ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮುಚ್ಚಿ ಎರಡು ವರ್ಷವಾಗಿತ್ತು. ಅದಕ್ಕೆ ಖರ್ಚು ಗಿಟ್ಟುವುದಿಲ್ಲವಂತೆ. ಹೆರಿಗೆಗೆ ಈಗ ಒಂದೂವರೆ ಗಂಟೆ ದೂರದ ನಗರಕ್ಕೆ ಹೋಗಬೇಕು. ಹಿಂದಿನ ಚಳಿಗಾಲದಲ್ಲಿ ಆರ್ಲಿಸ್‌ಳ ಮಗಳು ರೋಂಡಾ ತಾಯಿಯ ವ್ಯಾನಿನಲ್ಲಿಯೇ, ಹೆದ್ದಾರಿಯ ಪಕ್ಕದಲ್ಲಿ, ಹಿಮದ ಗಾಳಿಯ ನಡುವೆ ಹೆತ್ತಳು. ಮಗು ಉಳಿಯಲಿಲ್ಲ. ಸ್ಟಿಯರಿಂಗ್ ಹಿಡಿದಿದ್ದವಳು ಆರ್ಲಿಸ್. ಮೂವತ್ತು ವರ್ಷದಲ್ಲಿ ಒಂದು ದಿನವೂ ಶಾಲೆಯ ಗಂಟೆ ತಪ್ಪಿಸದ ಚಾಲಕಿ ಆ ದಿನ ತಡವಾದಳು. ತಪ್ಪು ರಸ್ತೆಯದು, ಗಾಳಿಯದು, ವಾರ್ಡು ಮುಚ್ಚಿದವರದು ಎಂದು ಎಲ್ಲರೂ ಹೇಳಿದರು. ಅವಳಿಗೂ ಅದು ಗೊತ್ತು. ಗೊತ್ತಿದ್ದರೂ ಆ ದುಃಖ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ವಸಂತದಲ್ಲಿ ಚರ್ಚಿನ ಊಟಕ್ಕೆ ಅಭ್ಯರ್ಥಿಗಳು ಒಬ್ಬರಾದ ಮೇಲೊಬ್ಬರು ಬಂದರು. ಮಾಂಸದ ಸಾರು ಕುಡಿದರು, ದಾಲ್ಚಿನ್ನಿ ರೋಲು ತಿಂದರು, ಫೋಟೋ ತೆಗೆಸಿಕೊಂಡು ಹೋದರು. ರಾಡಿಗನ್ ಬಂದಾಗ ಹದಿನೈದು ಜನರೂ ಇರಲಿಲ್ಲ. ಆರ್ಲಿಸ್ ಎದ್ದು ವ್ಯಾನಿನಲ್ಲಿ ನಡೆದದ್ದನ್ನು ಹೇಳಿ ಹೆರಿಗೆ ವಾರ್ಡಿನ ವಿಷಯ ಕೇಳಿದಳು. ಅವರು ಉತ್ತರ ಕೊಡುವ ಮೊದಲು ಕುರ್ಚಿ ಎಳೆದುಕೊಂಡು ಅವಳೆದುರು ಕೂತು, ಮಗುವಿಗೆ ಹೆಸರಿಟ್ಟಿದ್ದಿರಾ ಎಂದು ಕೇಳಿದರು. ಮಾರಿಟ್ ಎಂದಳು. ಆಮೇಲೆ ಅವರು ಹೋದ ಕಡೆಯೆಲ್ಲ ಹಳ್ಳಿಗಾಡಿನ ಹೆರಿಗೆ ವಾರ್ಡುಗಳ ಬಗ್ಗೆಯೇ, ಯಾರೂ ಕೇಳದಿದ್ದರೂ, ತಮ್ಮ ಉದ್ದುದ್ದ ವಾಕ್ಯಗಳಲ್ಲಿ ಮಾತಾಡಿದರು. ಮಿಕ್ಕ ಅಭ್ಯರ್ಥಿಗಳ ಬಾಯಲ್ಲಿ ಆ ಪದವೇ ಬರಲಿಲ್ಲ. ಅಯೋವಾದಲ್ಲಿ ಒಂದಷ್ಟು ಮೂಲೆಗಳಾದರೂ ರಾಡಿಗನ್ ಹೆಸರಿನಲ್ಲಿ ನಿಂತರೆ ಆ ಮಾತು ಆಯ್ಕೆ ನಡೆಯುವ ಮುಂದಿನ ರಾಜ್ಯಕ್ಕೆ ಹೋಗುತ್ತದೆ. ನಿಲ್ಲದಿದ್ದರೆ ಮನುಷ್ಯನೂ ಮನೆಗೆ, ಮಾತೂ ಮನೆಗೆ. ಆರ್ಲಿಸ್ ವರ್ಷವಿಡೀ ಓಡಾಡಿದ್ದು ಇಷ್ಟಕ್ಕೇ.

ಜನವರಿ ಬಂತು. ಕಾಕಸ್ ನಡೆಯುವ ಸಂಜೆ ಕೊರೆಯುವ ಚಳಿ, ಮೇಲೆ ಹಿಮ. ಸೆನೆಟರರ ಕಚೇರಿಯಿಂದ ಮಧ್ಯಾಹ್ನವೇ ಒಬ್ಬ ಹೆಂಗಸು ಫೋನು ಮಾಡಿ, ನಮ್ಮವರನ್ನು ಮಾತ್ರ ಕರೆತನ್ನಿ, ವ್ಯಾನು ಖಾಲಿ ಬಂದರೂ ಚಿಂತೆಯಿಲ್ಲ, ಬೇರೆಯವರನ್ನು ಹತ್ತಿಸಿಕೊಳ್ಳಬೇಡಿ ಎಂದಿದ್ದಳು. ಯಾಕೆಂದು ಆರ್ಲಿಸ್ ಕೇಳಲಿಲ್ಲ. ಎರಡು ಕಾಕಸ್ ಕಂಡವಳಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಬಂದವರು ಹೆಚ್ಚಿದಷ್ಟೂ ಪ್ರತಿ ಮೂಲೆಯೂ ಉಳಿಯಲು ಬೇಕಾಗುವ ತಲೆಗಳ ಸಂಖ್ಯೆ ಏರುತ್ತದೆ.

ಅವಳ ಕಡೆಯವರು ತಂತಮ್ಮ ಕಾರುಗಳಲ್ಲೇ ಬರುವವರಿದ್ದರು. ಅವಳು ಒಬ್ಬಳೇ, ಪಕ್ಕದ ಸೀಟಿನಲ್ಲಿ ದಾಲ್ಚಿನ್ನಿ ರೋಲಿನ ಎರಡು ತಟ್ಟೆ ಇಟ್ಟುಕೊಂಡು ಹೊರಟಳು. ತಿರುವಿನಲ್ಲಿ ಎಲ್ಡನ್ ಹಾಫ್ನರ್‌ನ ಪಿಕಪ್ ಕೆಮ್ಮುತ್ತಿತ್ತು, ಸ್ಟಾರ್ಟ್ ಆಗುತ್ತಿರಲಿಲ್ಲ. ಬೀಜದ ವ್ಯಾಪಾರ ಮಾಡಿ ಮುಪ್ಪಾದ ಎಲ್ಡನ್ ಬಾನೆಟ್ ಎತ್ತಿ ನಿಂತಿದ್ದ, ಹೆಂಡತಿ ಫರ್ನ್ ಊರುಗೋಲು ಹಿಡಿದು ಪಕ್ಕದಲ್ಲಿ. ಹಿಮದಲ್ಲಿ ನಿಂತವರನ್ನು ಕಂಡರೆ ಆರ್ಲಿಸ್‌ಳ ಕಾಲು ತಲೆಯನ್ನು ಕೇಳಿ ಬ್ರೇಕ್ ಒತ್ತುವುದಿಲ್ಲ. ಮುದುಕರಿಬ್ಬರೂ ಹತ್ತಿದರು. ಇನ್ನೆರಡು ಬೀದಿ ದಾಟಿದರೆ ಯೆಸೇನಿಯಾ ಮತ್ತು ಎಫ್ರೇನ್, ಹಂದಿ ಮಾಂಸದ ಕಾರ್ಖಾನೆಗೆ ಕೆಲಸಕ್ಕೆಂದು ಬಂದು ಟ್ರೇಲರ್ ಮನೆಗಳ ಸಾಲಿನಲ್ಲಿ ನೆಲೆಸಿದ ಗಂಡ ಹೆಂಡತಿ, ಗಾಳಿಗೆ ತಲೆ ಬಗ್ಗಿಸಿಕೊಂಡು ಶಾಲೆಯ ಕಡೆ ನಡೆಯುತ್ತಿದ್ದರು. ಇದ್ದ ಒಂದು ಕಾರನ್ನು ಎಫ್ರೇನ್‌ನ ತಮ್ಮ ಕೆಲಸಕ್ಕೆ ಒಯ್ದಿದ್ದನಂತೆ. ಯೆಸೇನಿಯಾ ತುಂಬಿದ ಬಸುರಿ, ಕೋಟಿನ ಗುಂಡಿ ಹಾಕಲಿಕ್ಕೂ ಬರುತ್ತಿರಲಿಲ್ಲ. ಆರ್ಲಿಸ್ ರೋಲಿನ ತಟ್ಟೆಗಳನ್ನು ಫರ್ನ್‌ಳ ತೊಡೆಯ ಮೇಲಿಟ್ಟು, ಬಸುರಿಯನ್ನು ತನ್ನ ಪಕ್ಕ ಕೂರಿಸಿಕೊಂಡಳು. ಯಾರು ಯಾರ ಕಡೆ ಎಂದು ವ್ಯಾನಿನಲ್ಲಿ ಯಾರೂ ಕೇಳಲಿಲ್ಲ. ಸವಾರಿ ಕೊಟ್ಟು ಅದನ್ನು ಕೇಳುವುದು ಹೋಲ್ಮ್‌ವಿಲ್‌ನಲ್ಲಿ ಮರ್ಯಾದೆಯಲ್ಲ.

ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ, ಬಾಸ್ಕೆಟ್‌ಬಾಲ್ ಬುಟ್ಟಿಗಳ ಕೆಳಗೆ, ಮೂಲೆಗೊಂದು ಹೆಸರಿನ ಹಲಗೆ. ಇಲ್ಲಿ ಮತಪೆಟ್ಟಿಗೆಯಿಲ್ಲ, ಪರದೆಯಿಲ್ಲ. ಗಂಡ ಒಂದು ಮೂಲೆ, ಹೆಂಡತಿ ಒಂದು ಮೂಲೆ, ಎಲ್ಲವೂ ಊರಿನ ಕಣ್ಣೆದುರೇ. ಮೂರನೇ ಸಲ ಸ್ಪರ್ಧಿಸುತ್ತಿದ್ದ ಗವರ್ನರಮ್ಮನ ಮೂಲೆಗೆ ಜನ ಜಾತ್ರೆಯಂತೆ ಹರಿದರು. ಪೂರ್ವದ ಯಾವುದೋ ನಗರದ ಮೇಯರ್‌ನ ಮೂಲೆಯೂ ತುಂಬಿತು. ರಾಡಿಗನ್ ಹಲಗೆಯ ಕೆಳಗೆ ಆರ್ಲಿಸ್ ರೋಲಿನ ತಟ್ಟೆಗಳನ್ನಿಟ್ಟಳು. ರೋಲು ತೆಗೆದುಕೊಳ್ಳಲು ಬಹಳ ಜನ ಬಂದರು. ತೆಗೆದುಕೊಂಡು ಬಾಯಿ ಒರೆಸಿಕೊಳ್ಳುತ್ತಾ ತಂತಮ್ಮ ಮೂಲೆಗೆ ವಾಪಸಾದರು. ಕೊನೆಗೆ ಉಳಿದವರು ಆರ್ಲಿಸ್ ಸೇರಿ ಹನ್ನೆರಡು. ಅವಳ ವ್ಯಾನಿನಲ್ಲಿ ಬಂದವರಲ್ಲಿ ಮುದುಕರಿಬ್ಬರು ಮೇಯರ್ ಕಡೆ, ಬಸುರಿ ಮತ್ತು ಗಂಡ ಗವರ್ನರಮ್ಮನ ಕಡೆ.

ಸಭೆ ನಡೆಸುತ್ತಿದ್ದವನು ಕುರ್ಚಿಯ ಮೇಲೆ ಹತ್ತಿ ಲೆಕ್ಕ ಓದಿದ. ಒಟ್ಟು ಎಂಬತ್ತಮೂರು ಜನ. ನೂರಕ್ಕೆ ಹದಿನೈದರಷ್ಟಿಲ್ಲದ ಮೂಲೆ ಉಳಿಯುವ ಹಾಗಿಲ್ಲ, ಚೂರು ಮಿಕ್ಕರೂ ಮೇಲಿನ ಸಂಖ್ಯೆಗೇ ಏರಿಸಬೇಕು, ಅಂದರೆ ಹದಿಮೂರು. ಎಂಬತ್ತರೊಳಗೇ ನಿಂತಿದ್ದರೆ ಹನ್ನೆರಡು ಸಾಕಿತ್ತು. ಆರ್ಲಿಸ್‌ಳ ಕಣ್ಣು ತಾನಾಗಿಯೇ ಆ ನಾಲ್ವರನ್ನು ಹುಡುಕಿತು. ಫರ್ನ್ ದೂರದಿಂದ ಅವಳಿಗೆ ಕೈ ಬೀಸಿದಳು. ಆರ್ಲಿಸ್ ಕೂಡ ಕೈ ಬೀಸಿದಳು, ಬೇರೇನು ಮಾಡಿಯಾಳು.

ಜನ ಮೂಲೆ ಬದಲಾಯಿಸಲು ಅರ್ಧ ಗಂಟೆ ಕೊಟ್ಟರು. ಬೇಕಾದದ್ದು ಒಬ್ಬರು. ಅವಳು ನೇರ ಗವರ್ನರಮ್ಮನ ಮೂಲೆಗೆ ಹೋಗಿ ವರ್ನಾಳ ತೋಳು ಹಿಡಿದಳು. ಈ ಮೂಲೆಯಲ್ಲಿ ಜನ ಬೇಕಾದಷ್ಟಿದ್ದಾರೆ, ನೀನೊಬ್ಬಳು ಬಂದರೆ ಇಲ್ಲಿ ಏನೂ ಕಡಿಮೆಯಾಗದು, ಅಲ್ಲಿ ಮೂಲೆ ಉಳಿಯುತ್ತದೆ ಎಂದಳು. ವರ್ನಾ ಸುತ್ತಲೂ ನೋಡಿದಳು, ದನಿ ತಗ್ಗಿಸಿದಳು.

“ನಂಗೆ ಸಾಕಾಗಿದೆ ಕಣೇ. ನೀನು ಹೇಳ್ದೆ ಅಂತ ಎರಡು ಸಲ ಬಂದು ನಿಂತೆ, ಎರಡು ಸಲಾನೂ ಸೋತು ಮನೆಗೆ ಹೋದೆ. ನಂಗೀಗ ಎಪ್ಪತ್ತು. ಒಂದ್ಸಲನಾದ್ರೂ ಗೆಲ್ಲೋರ ಜೊತೆ ನಿಲ್ಬೇಕು ಅನ್ಸುತ್ತೆ.”

“ಅವ್ರು ಗೆಲ್ಬೇಕು ಅಂತ ನಾನು ಕೇಳ್ತಿಲ್ಲ ವರ್ನಾ. ಇನ್ನೊಂದಷ್ಟು ದಿನ ಮಾತಾಡ್ತಿರ್ಲಿ ಅಂತ ಅಷ್ಟೆ.”

“ಒಳ್ಳೇ ಮನುಷ್ಯ ಅವ್ರು, ನಾನು ಇಲ್ಲ ಅನ್ನಲ್ಲ. ಆದ್ರೆ ಅವ್ರ ಮಾತು ಯಾರು ಕೇಳ್ತಾರೆ ಹೇಳು? ನಂಗೇ ನಿದ್ದೆ ಬರುತ್ತೆ.”

ಮಾರಿಟ್‌ಳ ಪುಟ್ಟ ಪೆಟ್ಟಿಗೆಯನ್ನು ಮಣ್ಣಿಗಿಳಿಸುವಾಗ ವರ್ನಾ ಪಕ್ಕದಲ್ಲಿ ನಿಂತು ಆರ್ಲಿಸ್‌ಳನ್ನು ಬೀಳದಂತೆ ಹಿಡಿದುಕೊಂಡಿದ್ದಳು. ಆ ಹೆಸರೊಂದನ್ನು ಎತ್ತಿದ್ದರೆ ಅವಳು ಬಂದೇ ಬರುತ್ತಿದ್ದಳು, ಅದು ಇಬ್ಬರಿಗೂ ಗೊತ್ತಿತ್ತು. ವರ್ನಾಳ ಕಣ್ಣಲ್ಲಿ ಆ ಹೆದರಿಕೆಯೂ ಇತ್ತು. ಸತ್ತ ಕೂಸನ್ನು ಎತ್ತಿ ತಕ್ಕಡಿಗೆ ಹಾಕಲು ಆರ್ಲಿಸ್‌ಗೆ ಕೈ ಬರಲಿಲ್ಲ. ಹೋಗಲಿ ಬಿಡು ಎಂದು ಗೆಳತಿಯ ತೋಳು ತಟ್ಟಿ ವಾಪಸಾದಳು. ಸಿಟ್ಟು ಬಂದಿತ್ತು, ಆದರೆ ಸಿಟ್ಟನ್ನು ಹೊತ್ತುಕೊಂಡು ನಿಲ್ಲುವ ತ್ರಾಣ ಇರಲಿಲ್ಲ.

ಅರ್ಧ ಗಂಟೆ ಕಳೆಯಿತು. ಅವಳ ಹನ್ನೊಂದು ಮಂದಿ, ಬೇಜಾರು ಮಾಡ್ಕೋಬೇಡ ಎಂದು ಒಬ್ಬೊಬ್ಬರಾಗಿ ಹೇಳಿ, ಇತ್ತ ಕೆಲವರು ಅತ್ತ ಕೆಲವರು ಹೋದರು. ಮೇಯರ್ ಕಡೆಯವನೊಬ್ಬ, ಹಿಂದೆ ಅವಳ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದವನೇ, ಬಾ ಆರ್ಲಿಸ್, ನಮ್ಮಲ್ಲಿ ಜಾಗ ಇದೆ ಎಂದು ಕರೆದ. ಅವಳು ಹೋಗಲಿಲ್ಲ. ಯಾವ ಮೂಲೆಗೂ ಸೇರದೆ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ರಾಡಿಗನ್ ಹಲಗೆ ಬಿಚ್ಚಿದಳು. ಅವಳನ್ನು ಬಿಟ್ಟೇ ಲೆಕ್ಕ ಮುಗಿಯಿತು. ಮನೆಗೆ ಹೋಗಿ ಮಲಗಬೇಕೆನ್ನಿಸಿತು. ಹೋಗುವಂತಿರಲಿಲ್ಲ, ಬಾಗಿಲ ಹತ್ತಿರ ಆ ನಾಲ್ವರು ಕೋಟು ಹಾಕಿಕೊಂಡು ಅವಳಿಗಾಗಿಯೇ ಕಾಯುತ್ತಿದ್ದರು.

ವ್ಯಾನು ಹೊರಟಿತು. ಆಮೇಲೆ ಹಿಂದಿನ ಸೀಟಿನಿಂದ ಎಲ್ಡನ್, ಎಷ್ಟು ಕಡಿಮೆ ಬಿತ್ತು ಎಂದು ಕೇಳಿದ. ಒಂದು ಎಂದಳು ಆರ್ಲಿಸ್. ಜೀವಮಾನವೆಲ್ಲ ಬೀಜದ ಚೀಲ ಎಣಿಸಿದ ಮುದುಕ ಲೆಕ್ಕ ಹಾಕತೊಡಗಿದ. ಅವನ ತುಟಿ ಅಲ್ಲಾಡುವುದು ಮುಂದಿನ ಕನ್ನಡಿಯಲ್ಲಿ ಕಾಣುತ್ತಿತ್ತು.

“ನೀನು ನಮ್ ನಾಲ್ಕು ಜನಾನೂ ಅಲ್ಲೇ ಬಿಟ್ಟು ಹೋಗಿದ್ರೆ ಹನ್ನೆರಡೇ ಸಾಕಾಗ್ತಿತ್ತಲ್ಲೇ ತಾಯಿ.”

“ಲೆಕ್ಕ ಬಿಡು ಎಲ್ಡನ್. ಮೆಟ್ಲು ಜಾರುತ್ತೆ, ಫರ್ನ್ ಕೈ ಹಿಡ್ಕೊಂಡು ಇಳಿ.”

ಮುದುಕರು ಇಳಿದರು. ಎಲ್ಡನ್ ವ್ಯಾನಿನ ಬಾಗಿಲನ್ನು ನಿಧಾನವಾಗಿ ಮುಚ್ಚಿದ. ರೇಡಿಯೊದಲ್ಲಿ ಯಾರೋ, ರಾಜ್ಯದಲ್ಲೆಲ್ಲೂ ರಾಡಿಗನ್‌ಗೆ ಹೇಳಿಕೊಳ್ಳುವಂಥದ್ದೇನೂ ಸಿಕ್ಕಿಲ್ಲ, ನಾಳೆ ಸ್ಪರ್ಧೆಯಿಂದ ಹಿಂದೆ ಸರಿಯುವ ಸಂಭವವಿದೆ ಎನ್ನುತ್ತಿದ್ದ. ಅಂದರೆ ತನ್ನ ಮೂಲೆ ಉಳಿದಿದ್ದರೂ ಅಷ್ಟೆ. ಹಾಗೆಂದುಕೊಂಡರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆರ್ಲಿಸ್ ರೇಡಿಯೊ ಆರಿಸಿದಳು.

ಟ್ರೇಲರ್ ಸಾಲಿನ ಮುಂದೆ ಎಫ್ರೇನ್ ಮೊದಲು ಇಳಿದು ಹಿಮ ಸರಿಸಲು ಸಲಿಕೆ ತರಲು ಓಡಿದ. ಯೆಸೇನಿಯಾ ಸೀಟು ಬೆಲ್ಟು ಬಿಚ್ಚಲು ಪರದಾಡುತ್ತಿದ್ದಳು. ದೊಡ್ಡವರನ್ನು ತಮ್ಮ ಕಡೆ ಕರೆಯುವಂತೆ ಅವಳು ಆರ್ಲಿಸ್‌ಗೂ ದೋನ್ಯಾ ಎನ್ನುತ್ತಿದ್ದಳು.

“ದೋನ್ಯಾ, ನಿಮ್ಮ ಸೆನೆಟರ್ ಏನು ಹೇಳ್ತಿದ್ರು? ನಂಗೆ ಗೊತ್ತೇ ಇರ್ಲಿಲ್ಲ. ಗವರ್ನರಮ್ಮನ ಹೆಸ್ರು ಕಾರ್ಖಾನೇಲಿ ಎಲ್ರೂ ಹೇಳ್ತಿದ್ರು, ಅದಕ್ಕೆ ಅಲ್ಲಿ ನಿಂತೆ.”

ವರ್ಷವಿಡೀ ಬಾಗಿಲು ಬಾಗಿಲಿಗೂ ಹೇಳಿದ ಮಾತು. ಈ ಒಂದು ಬಾಗಿಲನ್ನು ಅವಳು ತಟ್ಟಿಯೇ ಇರಲಿಲ್ಲ, ಹೊಸಬರು ಕಾಕಸ್‌ಗೆಲ್ಲಿ ಬರುತ್ತಾರೆ ಎಂದು. ಆರ್ಲಿಸ್‌ಗೆ ನಾಚಿಕೆಯಾಯಿತು. ಅಷ್ಟು ದೊಡ್ಡ ಮಾತನ್ನು ಈ ಹೊತ್ತಿನಲ್ಲಿ ಮತ್ತೆ ಮೊದಲಿಂದ ಹೇಳುವುದು ಬೇಡವೆನ್ನಿಸಿತು. ನಿನಗೆ ದಿನ ಯಾವಾಗ ಎಂದಷ್ಟೇ ಕೇಳಿದಳು. ಮುಂದಿನ ತಿಂಗಳು ಎಂದಳು ಯೆಸೇನಿಯಾ. ನಗರದ ಆಸ್ಪತ್ರೆಗೇ ಹೋಗಬೇಕು; ಎಫ್ರೇನ್‌ಗೆ ರಾತ್ರಿ ಪಾಳಿ, ಕಾರು ಮೈದುನ ಒಯ್ಯದಿದ್ದರೆ ಇದ್ದೀತು, ಇಲ್ಲದಿದ್ದರೆ ಇಲ್ಲ. ಐದೈದು ನಿಮಿಷಕ್ಕೆ ನೋವು ಬಂದ ಮೇಲೆ ಹೊರಟರೆ ಸಾಕೆಂದು ನರ್ಸು ಹೇಳಿದ್ದಾಳೆ ಎಂದು ಧೈರ್ಯವಾಗಿ ಹೇಳಿದಳು.

ಆರ್ಲಿಸ್ ಬಗ್ಗಿ ಬೆಲ್ಟನ್ನು ತಾನೇ ಬಿಚ್ಚಿದಳು. ಫೋನು ಕೊಡು ಎಂದು ಇಸಿದುಕೊಂಡು ತನ್ನ ನಂಬರು ಒತ್ತಿ ವಾಪಸು ಕೊಟ್ಟಳು.

“ನರ್ಸು ಆಸ್ಪತ್ರೆ ಪಕ್ಕದಲ್ಲಿ ಇರೋರಿಗೆ ಹೇಳೋ ಮಾತದು. ನೀನು ಮೊದಲನೇ ನೋವಿಗೇ ಫೋನ್ ಮಾಡು, ನಾನು ಬರ್ತೀನಿ. ಹೊತ್ತಲ್ಲದ ಹೊತ್ತು, ಮುದುಕಿ ಮಲಗಿರ್ತಾಳೆ, ಇನ್ನೊಂದು ಸ್ವಲ್ಪ ತಡ್ಕೊಳ್ಳೋಣ ಅಂತ ಕಾಯ್ಬೇಡ. ನನ್ ಮಗಳು ಹಾಗೇ ಕಾದ್ಲು.”